ಶುಕ್ರವಾರದ ಅದಲುಬದಲು

ವಿಶಾಖಪಟ್ಟಣದ ನಮ್ಮ ಬಾಡಿಗೆ ಮನೆಯಲ್ಲಿ ಕಬ್ಬಿಣದ ಯಾವ ಸಾಮಾನೂ ಬಹಳ ದಿನ ಬಾಳುತ್ತಿರಲಿಲ್ಲ. ಕಡಲ ಗಾಳಿ ಕಿಟಕಿಯ ಸರಳಿನಿಂದ ಹಿಡಿದು ಟೇಬಲ್ ಫ್ಯಾನಿನ ತನಕ ಎಲ್ಲವನ್ನೂ ತಿನ್ನುತ್ತಿತ್ತು. ಅಪ್ಪ ಬ್ಯಾಂಕಿನ ಆಫೀಸರು, ಧಾರವಾಡದಿಂದ ವರ್ಗವಾಗಿ ಬಂದವರು. ಸ್ಕ್ರೂಡ್ರೈವರ್ ಹಿಡಿದರೆ ತಮ್ಮ ಕೈಯನ್ನೇ ಚುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಮನೆಯಲ್ಲಿ ಏನು ಕೆಟ್ಟರೂ ಅದು ಮೇಲಿನ ಮಹಡಿಗೆ ಹೋಗುತ್ತಿತ್ತು. ಅಲ್ಲಿ ಬಳ್ಳಾರಿ ಕಡೆಯ ಇಂಜಿನಿಯರೊಬ್ಬರಿದ್ದರು. ಊರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಅವರ ಕೆಲಸ. ನಾವು ಅವರನ್ನು ಮಾಮಾ ಎನ್ನುತ್ತಿದ್ದೆವು.

ಭಾನುವಾರ ಬೆಳಿಗ್ಗೆ ಮಾಮಾ ಚಾಪೆ ಹಾಸಿ ಕೂತರೆಂದರೆ ಓಣಿಯ ಕೆಟ್ಟ ರೇಡಿಯೊ, ಇಸ್ತ್ರಿಪೆಟ್ಟಿಗೆ, ಟಾರ್ಚು ಎಲ್ಲ ಅವರ ಮುಂದೆ ಸಾಲಾಗಿ ಬಂದು ಕೂರುತ್ತಿದ್ದವು. ಆರು ವರ್ಷದ ನಾನೂ ಆ ಸಾಲಿನಲ್ಲಿ ಒಬ್ಬಳು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ಬಸಿಯಲ್ಲಿ ಇಟ್ಟುಕೊಳ್ಳುವುದು ನನ್ನ ಪಾಲಿನ ಕೆಲಸ.

"ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ತಾರಮ್ಮ. ಯಾವ ಸ್ಕ್ರೂ ಎಲ್ಲಿದು ಅಂತ ನೆನಪಿಟ್ಟೋರೇ ತಿರುಗಿ ಮುಚ್ತಾರೆ," ಎನ್ನುತ್ತಿದ್ದರು ಮಾಮಾ.

ಒಮ್ಮೆ ನಾನು ಬೇಕೆಂದೇ ಒಂದು ಸ್ಕ್ರೂ ಮುಷ್ಟಿಯಲ್ಲಿ ಬಚ್ಚಿಟ್ಟೆ. ಮಾಮಾ ರೇಡಿಯೊ ಮುಚ್ಚಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ನನ್ನ ಕಡೆ ಅಂಗೈ ಚಾಚಿದರು. ನನ್ನ ಮುಷ್ಟಿ ಖಾಲಿ ಇರಬಾರದೆಂದೋ ಏನೋ, ಅವತ್ತಿನಿಂದ ನನಗೆ ಸ್ಕ್ರೂಡ್ರೈವರ್ ಹಿಡಿಯುವ ಬಡ್ತಿ ಸಿಕ್ಕಿತು.

ಇತ್ತ ಕೆಳಗಿನ ಮನೆಯಲ್ಲಿ ಅವ್ವ ಮಧ್ಯಾಹ್ನ ಊಟವಾದ ಮೇಲೆ ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತ ಕೂರುತ್ತಿದ್ದಳು. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಹೊಲಿಗೆ. ಒಂದು ಎಳೆ ತಪ್ಪಿದರೂ ಚಿತ್ತಾರದ ಗೋಪುರ ವಾಲುತ್ತದೆ. ಅವಳು ಮೊದಲು ಕಲಿಸಲು ಕರೆದದ್ದು ನನ್ನನ್ನೇ. ನಾನು ಎರಡು ದಿನ ಕೂತು, ಮೂರನೆಯ ದಿನ ಸೂಜಿಯನ್ನು ಮಾಮಾನ ಅಯಸ್ಕಾಂತಕ್ಕೆ ಅಂಟಿಸಿ ಆಟವಾಡುತ್ತ ಸಿಕ್ಕಿಬಿದ್ದೆ. ನನ್ನ ಜಾಗ ಖಾಲಿಯಾಯಿತು. ನನಗಿಂತ ಹದಿನಾಲ್ಕು ತಿಂಗಳು ಚಿಕ್ಕವನಾದ ತಮ್ಮ, ಯಾರೂ ಕರೆಯದೆ, ಬಂದು ಅಲ್ಲಿ ಕೂತ. ಅವ್ವನಿಗಿಂತ ಅವನ ಕಣ್ಣು ಚುರುಕು. ಮೊದಮೊದಲು ಎಳೆ ಎಣಿಸಿ ಹೇಳುತ್ತಿದ್ದ. ಏಳು ವರ್ಷ ತುಂಬುವ ಹೊತ್ತಿಗೆ ಸೂಜಿ ಅವನ ಕೈಗೆ ಬಂದಿತ್ತು.

ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಅವರು ಬೈಯುವವರಲ್ಲ, ಸಂಕೋಚದ ಮನುಷ್ಯ. ಬ್ಯಾಂಕಿನವರು ಯಾರಾದರೂ ಗೇಟು ತೆರೆದ ಸದ್ದಾದರೆ ಸಾಕು, "ಅದನ್ನ ಒಳಗ ಇಟ್ಟು ಬಾರಪ್ಪ, ಮಂದಿ ಬಂದ್ರು," ಎನ್ನುತ್ತಿದ್ದರು, ತಮ್ಮನ ಕೈಯಲ್ಲಿರುವುದು ಹಸಿ ಮೀನೇನೋ ಎಂಬಂತೆ. ಅವನಿಗೆ ಚೆಂಡು ತಂದುಕೊಟ್ಟರು. ತಮ್ಮ ಅದಕ್ಕೆ ಚಂದದ ಒಂದು ಚೀಲ ಹೊಲಿದ.

ನನಗೆ ಒಂಬತ್ತು ತುಂಬಿದ ವರ್ಷ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿನ ಪಟಮಟ ಬಡಾವಣೆಯಲ್ಲಿ ಮನೆ ಮಾಡಿದೆವು. ಅಷ್ಟರಲ್ಲಿ ನಮ್ಮಿಬ್ಬರ ಜಗಳವೆಲ್ಲ ತೆಲುಗಿನಲ್ಲಿ, ರಾಜಿ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು. ಹೊಸ ಶಾಲೆಯಲ್ಲಿ ನಾನು ಐದನೆಯ ಕ್ಲಾಸು, ತಮ್ಮ ನಾಲ್ಕು. ಶುಕ್ರವಾರ ಮಧ್ಯಾಹ್ನ ಎರಡೂ ಕ್ಲಾಸುಗಳಿಗೆ ಸೇರಿ ಕ್ರಾಫ್ಟ್ ಪೀರಿಯಡ್ಡು. ಹುಡುಗಿಯರೆಲ್ಲ ಮೇಲಿನ ಕೋಣೆಯಲ್ಲಿ ಹೊಲಿಗೆ ಟೀಚರ ಮುಂದೆ. ಹುಡುಗರೆಲ್ಲ ಹಿಂದಿನ ಶೆಡ್ಡಿನಲ್ಲಿ ಕ್ರಾಫ್ಟ್ ಮಾಸ್ತರರ ಮುಂದೆ. ಅಲ್ಲಿ ಟಾರ್ಚಿನ ಸೆಲ್ಲು, ಪುಟ್ಟ ಬಲ್ಬು, ವೈರು, ಸ್ವಿಚ್ಚು.

ಮೊದಲ ಶುಕ್ರವಾರವೇ ನಾನು ಹೊಲಿಗೆ ಟೀಚರನ್ನು ಕೇಳಿದೆ, ಶೆಡ್ಡಿಗೆ ಹೋಗಲೇ ಎಂದು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ತೆಲುಗಿನಲ್ಲಿ ಹೇಳಿದರು, "ನೀನು ಹುಡುಗಿ ಅಲ್ವೇನಮ್ಮಾ. ಅಲ್ಲಿ ಏನಿದೆ ನಿನಗೆ?"

ಅಲ್ಲಿ ಏನಿದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯಿಂದ ಕಾಣುತ್ತಿತ್ತು.

ತಮ್ಮ ಅವತ್ತು ಮನೆಗೆ ಬಂದಾಗ ಅವನ ಚೀಲದಲ್ಲಿ ಒಂದು ರಟ್ಟು, ಒಂದು ಸೆಲ್ಲು, ಹತ್ತದ ಒಂದು ಬಲ್ಬು. ನನ್ನ ಚೀಲದಲ್ಲಿ ಒಂದು ಬಿಳಿ ಕರ್ಚೀಫು. ಅದರ ಮೂಲೆಯಲ್ಲಿ ಹೂವು ಎಂದು ನಾನೇ ಹೇಳದಿದ್ದರೆ ಯಾರಿಗೂ ಗೊತ್ತಾಗದ ಒಂದು ಹೂವು. ಮುಂದಿನ ವಾರದೊಳಗೆ ಎರಡನ್ನೂ ಮುಗಿಸಿ ತರಬೇಕಿತ್ತು. ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕೂತು ಅವನು ನನ್ನ ಕರ್ಚೀಫನ್ನು ತಿರುಗಿಸಿ ನೋಡಿದ. ಅವನ ಮುಖದಲ್ಲಿ ನೋವು ಕಂಡಿತು.

"ಅಕ್ಕಾ, ಇದನ್ನ ಬಿಚ್ಚಲೇನು?"

"ಬಿಚ್ಚು. ಆ ಬಲ್ಬು ಇತ್ತ ಕೊಡು."

ಹೆಚ್ಚು ಮಾತೇ ಬೇಕಾಗಲಿಲ್ಲ. ಹತ್ತು ನಿಮಿಷದಲ್ಲಿ ಅವನ ಬಲ್ಬು ಹತ್ತಿತು. ಎರಡು ದಿನದಲ್ಲಿ ನನ್ನ ಕರ್ಚೀಫಿನ ನಾಲ್ಕೂ ಮೂಲೆಯಲ್ಲಿ ಗೋಪುರ ಎದ್ದವು. ಅಂದಿನಿಂದ ಪ್ರತಿ ವಾರ ಇದೇ ನಡೆಯಿತು. ಶಾಲೆಯಲ್ಲಿ ನಾನು ಸೂಜಿ ಆಡಿಸುವಂತೆ ನಟಿಸುತ್ತಿದ್ದೆ, ಅವನು ವೈರು ಸುಲಿಯುವಂತೆ ನಟಿಸುತ್ತಿದ್ದ. ನಿಜವಾದ ಕೆಲಸ ಟ್ಯಾಂಕಿನ ಹಿಂದೆ.

ಹೊಲಿಗೆ ಟೀಚರು ನನ್ನ ಕರ್ಚೀಫನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಮುಂದೆ ಹೇಗೋ ಹಿಂದೆಯೂ ಹಾಗೇ, ಎಲ್ಲೂ ಗಂಟಿಲ್ಲ. "ಇದು ನಿಮ್ಮ ಕನ್ನಡದವರ ಕೆಲಸವಾ?" ಎಂದು ಕೇಳಿದರು. ಹೌದಂಡಿ ಎಂದೆ. ಅದು ಸುಳ್ಳೇನಲ್ಲ. ಹತ್ತಕ್ಕೆ ಒಂಬತ್ತೂವರೆ ಕೊಟ್ಟರು. ಕ್ರಾಫ್ಟ್ ಮಾಸ್ತರು ತಮ್ಮನ ಬೆನ್ನು ತಟ್ಟಿ, ಈ ಹುಡುಗ ಮುಂದೆ ದೊಡ್ಡ ಇಂಜಿನಿಯರ್ ಆಗುತ್ತಾನೆ ಎಂದರಂತೆ. ತಮ್ಮ ಬಂದು ಅದನ್ನು ನನಗೆ ಒಪ್ಪಿಸಿದ, ನನಗೆ ಬಂದ ಕಾಗದವನ್ನು ತಲುಪಿಸಿದ ಹಾಗೆ.

ಒಂದು ದಿನ ಕರ್ಚೀಫು ಅವ್ವನ ಕೈಗೆ ಸಿಕ್ಕಿತು, ಅಂಕದ ಚೀಟಿ ಸಮೇತ. ನಾನು ಬಾಗಿಲಿಗೆ ಒರಗಿ ನಿಂತೆ. ಅವಳು ಅದನ್ನು ಬೆಳಕಿಗೆ ಹಿಡಿದಳು.

"ಇದು ನಿನ್ನ ಕೈದಲ್ಲ."

ಅವಳು ಬಟ್ಟೆ ತಿರುವಿ ಹಿಂಬದಿಯನ್ನೂ ನೋಡಿದಳು.

"ಇಷ್ಟು ಚಂದ ಹಾಕ್ಯಾನ. ಇನ್ನರ್ಧ ಮಾರ್ಕು ಯಾಕ ಕಡಿದ್ರಂತ?"

ಆಮೇಲೆ ನೆನಪಾಯಿತೇನೋ, ಧ್ವನಿ ಗಡುಸು ಮಾಡಿ, "ಮಾಸ್ತರಗೋಳಿಗೆ ಸುಳ್ಳು ಹೇಳೂದು ಬರೋಬ್ಬರಿ ಅಲ್ಲ," ಎಂದಳು. ಅಪ್ಪನಿಗೆ ಮಾತ್ರ ಹೇಳಲಿಲ್ಲ. ಆ ಮೌನವನ್ನು ನಾವು ಪರವಾನಗಿ ಎಂದೇ ತಿಳಿದೆವು.

ಅರ್ಧ ವರ್ಷ ಹೀಗೇ ಕಳೆದ ಮೇಲೆ ಶಾಲೆಯಲ್ಲಿ ಪ್ರದರ್ಶನ ಎಂದರು. ಮಕ್ಕಳು ಮಾಡಿದ ವಸ್ತುಗಳನ್ನು ಇಡುವುದಷ್ಟೇ ಅಲ್ಲ. ಆಯ್ದ ಕೆಲವರು ತಂದೆತಾಯಿಗಳ ಎದುರಿಗೆ ಕೂತು ಮಾಡಿ ತೋರಿಸಬೇಕು. ಹೊಲಿಗೆಗೆ ನಾನು. ಬಲ್ಬಿಗೆ ತಮ್ಮ.

ಒಬ್ಬರಿಗೊಬ್ಬರು ಕಲಿಸಿಕೊಳ್ಳಲು ನಮಗೆ ಒಂದು ವಾರವಿತ್ತು. ನಾನು ಎಳೆ ಎಣಿಸಲು ಕೂತರೆ ಹನ್ನೊಂದಕ್ಕೆ ನಿದ್ದೆ ಬರುತ್ತಿತ್ತು. ತಮ್ಮ ಸೆಲ್ಲಿನ ಎರಡೂ ತುದಿಯನ್ನು ಒಂದೇ ವೈರಿನಿಂದ ಜೋಡಿಸಿ ಬೆರಳು ಸುಟ್ಟುಕೊಂಡ. ನನಗೆ ಸಿಟ್ಟು ಬಂದು ಅವನನ್ನು ಬೈದೆ. ಅವನು ನನ್ನ ಗೋಪುರ ನೋಡಿ, ಇದು ಗೋಪುರವಲ್ಲ, ಸೈಕಲ್ಲಿನಿಂದ ಬಿದ್ದವನು ಎಂದ. ಎಲ್ಲವೂ ತೆಲುಗಿನಲ್ಲಿ. ಕಡೆಗೆ ಇಬ್ಬರೂ ಮಾತು ಬಿಟ್ಟೆವು.

ಮಾತು ಬಿಟ್ಟದ್ದೇ ತಪ್ಪಾಯಿತು. ಪ್ರದರ್ಶನದ ದಿನ ನಾನು ಶಾಲೆಗೆ ಬಂದ ಮೇಲೆ ಯಾರಿಗೂ ಕಾಣದಂತೆ ಬಲಗೈಯ ತೋರುಬೆರಳಿಗೆ ದೊಡ್ಡ ಬ್ಯಾಂಡೇಜು ಸುತ್ತಿಕೊಂಡೆ. ಕ್ಲಾಸಿನ ಬಾಗಿಲು ಹಾಕುವಾಗ ಬೆರಳು ಸಿಕ್ಕಿಕೊಂಡಿತು ಎಂದು ಕಥೆ ಕಟ್ಟಿದ್ದೆ. ಮೇಜಿನ ಹತ್ತಿರ ಹೋಗಿ ನೋಡಿದರೆ ಪಕ್ಕದ ಮೇಜಿನಲ್ಲಿ ತಮ್ಮ ಕೂತಿದ್ದ. ಅವನ ಬಲಗೈಯ ತೋರುಬೆರಳಿಗೂ ಬ್ಯಾಂಡೇಜು. ಕಟ್ಟಿದ ರೀತಿ ಮಾತ್ರ ನನ್ನದಕ್ಕಿಂತ ಅಚ್ಚುಕಟ್ಟು.

ಅವತ್ತಿನ ಮುಖ್ಯ ಅತಿಥಿ ಒಬ್ಬ ಲೇಡಿ ಡಾಕ್ಟರು, ವಯಸ್ಸಾದವರು, ದಪ್ಪ ಅಂಚಿನ ಬಿಳಿ ಸೀರೆ. ಹೆಡ್‌ಮಿಸ್ಟ್ರೆಸ್ಸು ಅವರನ್ನು ಮೇಜಿನಿಂದ ಮೇಜಿಗೆ ಕರೆತರುತ್ತಿದ್ದರು. ಹಿಂದೆ ತಂದೆತಾಯಿಗಳ ಗುಂಪು. ಅದರಲ್ಲಿ ಅವ್ವ, ಅಪ್ಪ, ಅಪ್ಪನ ಬ್ಯಾಂಕಿನ ಇಬ್ಬರು. ಡಾಕ್ಟರು ನನ್ನ ಬೆರಳು ನೋಡಿದರು. ಅವನ ಬೆರಳು ನೋಡಿದರು.

"ಅಕ್ಕ ತಮ್ಮನಾ?"

"ಹೌದಂಡಿ."

"ಇಬ್ಬರಿಗೂ ಒಂದೇ ಬೆರಳಿಗೆ ಪೆಟ್ಟಾ? ಎಲ್ಲಿ, ನೋಡೋಣ."

ಬ್ಯಾಂಡೇಜು ಬಿಚ್ಚುವಾಗ ಅವರು ಎಷ್ಟು ಮೃದುವಾಗಿ ಬಿಚ್ಚಿದರೆಂದರೆ ನನಗೆ ಒಂದು ಕ್ಷಣ ನಿಜವಾಗಿಯೂ ಗಾಯವಿರಬಹುದು ಎನಿಸಿತು. ಇರಲಿಲ್ಲ. ತಮ್ಮನದನ್ನೂ ಬಿಚ್ಚಿದರು. ಇಬ್ಬರ ಬೆರಳನ್ನೂ ಜೋಡಿಸಿ ಹಿಡಿದು, "ಗಾಯ ಬಹಳ ಬೇಗ ಮಾಯ್ದಿದೆ. ಇನ್ನು ಕೆಲಸ ಮಾಡಬಹುದು," ಎಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

ನಾನು ಸೂಜಿ ಹಿಡಿದೆ. ಮೇಜಿನ ಮೇಲೆ ಇದ್ದದ್ದು ತಮ್ಮ ಮುಕ್ಕಾಲು ಮುಗಿಸಿದ್ದ ಮೇಜುವಸ್ತ್ರ, ನಡುವೆ ಒಂದು ನವಿಲು. ಬಾಲದ ಕೊನೆಯ ಗರಿ ಮಾತ್ರ ಬಾಕಿ. ಬಟ್ಟೆಗೆ ಸೂಜಿ ಚುಚ್ಚಿದೆ, ಎಳೆದೆ. ಇನ್ನೊಮ್ಮೆ ಚುಚ್ಚಿದೆ. ಪಕ್ಕದಲ್ಲಿ ಕುರ್ಚಿ ಸರಿದ ಸದ್ದು ಕೇಳಿತು. ಮೂರನೆಯ ಸಲ ಚುಚ್ಚುವ ಹೊತ್ತಿಗೆ ತಮ್ಮನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಎಳಿ ತಪ್ಪಿತು," ಎಂದ, ಇಡೀ ಹಾಲಿಗೆ ಕೇಳುವ ಹಾಗೆ, ಕನ್ನಡದಲ್ಲಿ. ಎದ್ದು ಬಂದು ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ನನ್ನ ಮೂರು ಹೊಲಿಗೆಗಳನ್ನು ಸೂಜಿಯ ತುದಿಯಿಂದ ಬಿಚ್ಚಿದ. ನಿಂತುಕೊಂಡೇ ಗರಿ ತುಂಬತೊಡಗಿದ. ಯಾರು ನೋಡುತ್ತಿದ್ದಾರೆ ಎಂಬುದು ಅವನಿಗೆ ಮರೆತೇ ಹೋಗಿತ್ತು. ಅವನಿಗೆ ಆಗ ಕಾಣುತ್ತಿದ್ದದ್ದು ಆ ನವಿಲು ಒಂದೇ.

ಇನ್ನು ನಾನು ಸುಮ್ಮನೆ ಕೂತು ಮಾಡುವುದೇನು? ಅವನ ಮೇಜಿಗೆ ಹೋದೆ. ಆರು ಬಲ್ಬಿನ ರಟ್ಟಿನ ಮನೆ ಕತ್ತಲಲ್ಲಿತ್ತು; ಅವನು ವೈರಿನ ತುದಿ ಸುಲಿಯದೆ ಹಾಗೇ ಸುತ್ತಿಟ್ಟಿದ್ದ. ಹಲ್ಲಿನಿಂದ ವೈರು ಸುಲಿದು ಜೋಡಿಸಿದೆ. ಆರೂ ಕೋಣೆ ಹತ್ತಿಕೊಂಡವು.

ಡಾಕ್ಟರು ಮೊದಲು ನಕ್ಕರು. ಹೊಲಿಗೆ ಟೀಚರು ನಗಲಿಲ್ಲ. ಕ್ರಾಫ್ಟ್ ಮಾಸ್ತರು ತಮ್ಮನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, ತಾವು ಇಷ್ಟು ದಿನ ಬೆನ್ನು ತಟ್ಟಿದ್ದು ಯಾರದ್ದು ಎಂದು ಲೆಕ್ಕ ಹಾಕುತ್ತಿದ್ದ ಹಾಗಿತ್ತು. ನಾನು ಕದ್ದು ಅಪ್ಪನ ಕಡೆ ನೋಡಿದೆ. ಅವರು ತಲೆ ಎತ್ತಿ ಗೋಡೆಯ ಮೇಲಿನ ನಕಾಶೆಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಸೋಮವಾರ ಅಪ್ಪನನ್ನು ಕರೆದುಕೊಂಡು ಬರುವಂತೆ ಹೇಳಿಕಳಿಸಿದರು. ಹೆಡ್‌ಮಿಸ್ಟ್ರೆಸ್ಸರ ಕೋಣೆಯಲ್ಲಿ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು, ನಾವಿಬ್ಬರು ನಿಂತಿದ್ದೆವು. ಮೋಸ, ಸುಳ್ಳು, ಗುರುದ್ರೋಹ ಎಲ್ಲ ಆದ ಮೇಲೆ ಹೆಡ್‌ಮಿಸ್ಟ್ರೆಸ್ಸು ತೀರ್ಪು ಕೊಟ್ಟರು.

"ವರ್ಷ ಮುಗಿಯುವ ತನಕ ಶುಕ್ರವಾರ ನೀನು ಹುಡುಗರ ಜೊತೆ ಶೆಡ್ಡಿನಲ್ಲಿ ಕೂರಬೇಕು. ಇವನು ಹುಡುಗಿಯರ ಜೊತೆ ಮೇಲೆ. ಆಗ ನಾಚಿಕೆ ಬರುತ್ತೆ ಇಬ್ಬರಿಗೂ."

ಮೊದಲ ಶುಕ್ರವಾರ ನಾನು ಕೇಳಿದ್ದೇ ಇದು. ತಮ್ಮನ ಕಾಲು ತುಳಿದೆ. ಅವನಿಗೆ ತಕ್ಷಣ ಅರ್ಥವಾಯಿತು.

"ವದ್ದು ಮೇಡಂ," ಎಂದು ಬೇಡ ಬೇಡವೆನ್ನುತ್ತ ನಾನು ಅಳಲು ಶುರುಮಾಡಿದೆ. "ನಾನು ಮನೇಲಿ ಎಷ್ಟು ಬೇಕಾದರೂ ಲೆಕ್ಕ ಮಾಡಿಕೊಂಡು ಬರ್ತೀನಿ, ಹುಡುಗರ ಜೊತೆ ಮಾತ್ರ ಬೇಡ." ತಮ್ಮ ನನಗಿಂತ ಚೆನ್ನಾಗಿ ಅತ್ತ, ಅವನಿಗೆ ಬಿಕ್ಕಳಿಕೆಯೂ ಬಂತು. ನಾವು ಅತ್ತಷ್ಟೂ ಹೆಡ್‌ಮಿಸ್ಟ್ರೆಸ್ಸು ಗಟ್ಟಿಯಾದರು. ಅಪ್ಪನಿಗೆ ಯಾಕೋ ಜೋರಾಗಿ ಕೆಮ್ಮು ಬಂದು ಅವರು ಕರವಸ್ತ್ರ ಬಾಯಿಗೆ ಹಿಡಿದು ಹೊರಗೆ ಹೋದರು.

ಸಂಜೆ ಬ್ಯಾಂಕಿನಿಂದ ಬಂದವರೇ ನಮ್ಮಿಬ್ಬರನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋಗಿ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಲ್ಲಿಸಿದರು. ಮೂರು ಗ್ಲಾಸು ತರಿಸಿ ಅರ್ಧ ಕುಡಿದರು. ಕಡೆಗೆ, "ಅಳೂದು ಯಾರ ಕಡೆ ಕಲತ್ರಿ?" ಎಂದರು.

"ನಾವ ಕಲತ್ವಿ," ಎಂದ ತಮ್ಮ.

ಅಪ್ಪ ಗ್ಲಾಸಿನೊಳಗೆ ನೋಡುತ್ತ, "ನಾ ಸಣ್ಣಾಂವ ಇದ್ದಾಗ ನನಗ ಹೂವು ಕಟ್ಟೂದು ಭಾಳ ಸೇರತಿತ್ತು. ನಮ್ಮಪ್ಪ ಒಮ್ಮೆ ನೋಡಿದ. ಅವತ್ತಿಗಿ ಬಿಟ್ಟೆ," ಎಂದರು. ಅಷ್ಟೇ. ಸ್ಕೂಟರ್ ಚಾಲು ಮಾಡಿದರು.

ನಾವು ಸುಮ್ಮನಿರುವ ಮಕ್ಕಳೇ? ಮರುದಿನ ಬಿಡಿ ಮಲ್ಲಿಗೆ ತಂದು, ದಾರದ ಉಂಡೆಯ ಸಮೇತ, ಅಪ್ಪ ಪೇಪರ್ ಓದುವ ಕುರ್ಚಿಯ ಪಕ್ಕ ಇಟ್ಟು ಬಾಗಿಲ ಮರೆಯಲ್ಲಿ ನಿಂತೆವು. ಅಪ್ಪ ಪೇಪರ್ ಓದಿದರು. ಮಡಚಿದರು. ಬೀದಿಯ ಕಡೆ ಒಮ್ಮೆ ನೋಡಿ, ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದರು. ಮೂವತ್ತು ವರ್ಷ ಬಿಟ್ಟಿದ್ದ ಕೈ ಎಂದು ಅನ್ನಿಸಲೇ ಇಲ್ಲ. ಆ ಮಾಲೆ ಅವ್ವ ಕಟ್ಟುವುದಕ್ಕಿಂತ ಒತ್ತಾಗಿತ್ತು. ಅವ್ವ ಮುಡಿದುಕೊಂಡಳು, ಆದರೆ ಎರಡು ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಶುಕ್ರವಾರಗಳು ಸುಲಭವಾಗಿರಲಿಲ್ಲ ಎಂದೂ ಹೇಳಬೇಕು. ಹುಡುಗರು ನನಗೆ ಮೊದಲ ಎರಡು ವಾರ ಸೆಲ್ಲು ಸಿಗದಂತೆ ಮಾಡಿದರು. ತಮ್ಮನನ್ನು ಬಸ್ಸಿನಲ್ಲಿ 'ಅಮ್ಮಾಯಿ', ಅಂದರೆ ಹುಡುಗಿ, ಎಂದು ಕರೆದರು. ಅವನು ನಿಜವಾಗಿಯೇ ಅತ್ತದ್ದನ್ನು ನಾನು ನೋಡಿದೆ. ಆದರೂ ಮರುವಾರ ಸೂಜಿ ಡಬ್ಬಿ ಹಿಡಿದು ಮೇಲೆ ಹೋದ. ತಿಂಗಳಾದ ಮೇಲೆ ಹೊಲಿಗೆ ಟೀಚರೇ ಅವನ ಪಕ್ಕ ಕೂತು ಎಳೆ ಎಣಿಸುವುದನ್ನು ಕಲಿಯುತ್ತಿದ್ದರು.

ಆಮೇಲೆ ನಾವು ನಿರೀಕ್ಷಿಸದ ಒಂದು ಗಂಡಾಂತರ ಶುರುವಾಯಿತು. ನನ್ನ ಕ್ಲಾಸಿನ ಮೂವರು ಹುಡುಗಿಯರು ಹೊಲಿಗೆಯ ಬಟ್ಟೆಗೆ ಶಾಯಿ ಚೆಲ್ಲಿ, ತಾವಾಗಿಯೇ ಹೆಡ್‌ಮಿಸ್ಟ್ರೆಸ್ಸರ ಹತ್ತಿರ ಹೋಗಿ, ನಮಗೂ ಶಿಕ್ಷೆ ಕೊಡಿ ಎಂದು ತಲೆ ತಗ್ಗಿಸಿ ನಿಂತರು. ಅವರನ್ನು ಶೆಡ್ಡಿಗೆ ಕಳಿಸಿದರು. ಮುಂದಿನ ವಾರ ಐವರು ಹುಡುಗರು ವೈರು ಕತ್ತರಿಸಿ ಹಾಕಿದರು. ಅವರು ಮೇಲೆ ಹೋದರು. ಶಾಯಿಯ ಬಾಟಲಿಗಳು ಖಾಲಿಯಾಗುತ್ತ ಬಂದವು. ಮುಂದಿನ ವರ್ಷ ಶಾಲೆ ತೆರೆದಾಗ ಹೆಡ್‌ಮಿಸ್ಟ್ರೆಸ್ಸು ಪ್ರಾರ್ಥನೆಯ ಹೊತ್ತಿನಲ್ಲಿ, ಕ್ರಾಫ್ಟ್ ಪೀರಿಯಡ್ಡಿನಲ್ಲಿ ಯಾರಿಗೆ ಎಲ್ಲಿ ಇಷ್ಟವೋ ಅಲ್ಲಿ ಕೂರಬಹುದು ಎಂದು ಸಾರಿದರು. ಧ್ವನಿಯಲ್ಲಿ ಸೋಲಿತ್ತು.

ಆ ಶುಕ್ರವಾರ ಹದಿನೇಳು ಹುಡುಗರು ಹೊಲಿಗೆಗೆ ಹೋದರು. ಅವರೆಲ್ಲ ಕಸೂತಿಯ ಮೋಹದಿಂದ ಹೋದರೆಂದು ನಾನು ಹೇಳಲಾರೆ. ವಿಜಯವಾಡದ ಬಿಸಿಲಲ್ಲಿ ಮೇಲಿನ ಕೋಣೆಗೆ ಸೀಲಿಂಗ್ ಫ್ಯಾನಿತ್ತು, ತಗಡಿನ ಶೆಡ್ಡಿಗೆ ಇರಲಿಲ್ಲ. ಆದರೆ ಹೊಲಿಗೆ ಟೀಚರು ಯಾರನ್ನೂ ಸುಮ್ಮನೆ ಗಾಳಿ ಕುಡಿಯಲು ಬಿಡುವವರಲ್ಲ. ದಸರೆಯ ರಜೆಯೊಳಗೆ ಹದಿನೇಳು ಮಂದಿಯೂ ತಮ್ಮ ತಮ್ಮ ಅಂಗಿಗೆ ತಾವೇ ಗುಂಡಿ ಹಚ್ಚಿಕೊಂಡು ಬಂದು ಸಾಲಾಗಿ ನಿಂತು ತೋರಿಸಬೇಕಾಯಿತು.