ಹಿಡಿಯದೆ ಬಿಟ್ಟ ಸೂತಕ

ತಮ್ಮ ತೀರಿಕೊಂಡಾಗ ನಾನು ಸೂತಕ ಹಿಡಿಯಲಿಲ್ಲ. ಸುದ್ದಿ ಬಂದ ಮರುದಿನವೇ ರೇಷ್ಮೆ ಸೀರೆ ಉಟ್ಟು, ಈ ಪರದೇಶದ ಊರು ಅಪ್ಪರ್ ಹಟ್‌ನ ನಮ್ಮ ಮನೆಗೆ ಬಂದ ಹೆಂಗಸರಿಗೆ ಅರಿಷಿಣ ಕುಂಕುಮ ಕೊಟ್ಟೆ, ಹೋಳಿಗೆ ಬಡಿಸಿದೆ.

ಅದರ ಹಿಂದಿನ ವಾರ ಪಕ್ಕದೂರು ಪೊರಿರುವಾದ ಹಾಲ್‌ನಲ್ಲಿ ಇದೇ ಹೆಂಗಸರ ಜೊತೆ ಯುಗಾದಿ ಊಟಕ್ಕೆ ಕೂತಿದ್ದಾಗ ತಮ್ಮನ ವಿಡಿಯೋ ಕಾಲ್ ಬಂದಿತ್ತು. ಅವನು ಕಬ್ಬು ಕಡಿಯುವ ಗ್ಯಾಂಗಿನವನು. ಊರೂರು ತಿರುಗಿ, ಹೊಲದ ಬದಿಯ ಗುಡಿಸಲಲ್ಲಿ ಮಲಗುವವನು. ಫೋನಿನ ಮೇಲೆ ಅವನ ಫೋಟೊ ಮೂಡಿತು. ತಲೆಗೆ ಟವೆಲ್, ಹೆಗಲ ಮೇಲೆ ಕಬ್ಬಿನ ಹೊರೆ. ಪಕ್ಕದ ಆಂಟಿ ಬಗ್ಗಿ ನೋಡಿದರು.

"ಯಾರ್ರೀ ಅದು?"

"ಊರಾಗ ನಮ್ಮ ಹೊಲ ನೋಡ್ಕೋತಾನ್ರಿ. ಆಳು."

"ಆಳೂ ವಿಡಿಯೋ ಕಾಲ್ ಮಾಡ್ತಾನಾ! ಭಾರಿ ಜಮೀನ್ದಾರರು ಬಿಡ್ರೀ ನೀವು."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮಗೆ ಹೊಲವೇ ಇರಲಿಲ್ಲ. ಕಾಲ್ ಕಟ್ ಮಾಡಿದವಳು ತಿರುಗಿ ಮಾಡಲೇ ಇಲ್ಲ. ಜ್ವರ ಬಂದು ಮಲಗಿದ್ದನೆಂದು ಆಮೇಲೆ ತಿಳಿಯಿತು. ತಮ್ಮ ಸತ್ತನೆಂದು ಹೇಳಿದ್ದರೆ, ಯಾವ ತಮ್ಮ ಎಂದು ಆ ಹೆಂಗಸರು ಕೇಳುತ್ತಿದ್ದರು.

ಅಂದಿನಿಂದ ಅವನು ನನ್ನನ್ನು ಬಿಟ್ಟಿಲ್ಲ. ಹಟ್ ನದಿಯ ದಂಡೆಯಲ್ಲಿ ಫ್ಲ್ಯಾಕ್ಸ್ ಗಿಡದ ಉದ್ದ ಎಲೆಗಳು ಗಾಳಿಗೆ ಉಜ್ಜಿಕೊಂಡರೆ ಕಬ್ಬಿನ ಗರಿಯದೇ ಸದ್ದು. ಒಳಗಿಂದ ಯಾರೋ "ಯಕ್ಕಾ" ಅಂದಂತಾಗಿ ನಿಂತುಬಿಡುತ್ತೇನೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಅಲ್ಲಿ ಚೀಲ ಇಡಲು ಕೈ ಬರುವುದಿಲ್ಲ.

ನಾನು ಆರನೇ ಇಯತ್ತೆ ಕಲಿತವಳು. ಒಬ್ಬ ಮುದುಕಿಯ ಮನೆಗೆ ಕಸ, ಪಾತ್ರೆ, ಅಡುಗೆಗೆ ಹೋಗುತ್ತೇನೆ. ಅವರ ಹಿರಿಯರು ಸ್ಕಾಟ್ಲೆಂಡಿನಿಂದ ಬಂದವರು. ಅಲ್ಲೇ ಹೊಲಗೂಲಿಯಾಗಿ ಸತ್ತ, ಮುತ್ತಜ್ಜಿಯ ತಮ್ಮನೊಬ್ಬನನ್ನು ಅವರು ಕಂಪ್ಯೂಟರಿನಲ್ಲಿ ಸಿಗುವ ಹಳೆಯ ದಾಖಲೆಗಳಲ್ಲಿ ಹುಡುಕುತ್ತಿದ್ದರು. ಅವರಿಗೆ ಕಣ್ಣು ಮಂಜು. ಆ ಕೈಬರಹವನ್ನು ನಾನು ಒಂದೊಂದೇ ಅಕ್ಷರ ಹೇಳಬೇಕು, ಅವರು ಕೂಡಿಸಿ ಪದ ಮಾಡಬೇಕು.

ಪ್ರತಿ ಜನಗಣತಿಯಲ್ಲೂ ಅವನು ಬೇರೆ ಊರಿನಲ್ಲಿ, ಬೇರೆ ಯಾರದೋ ಮನೆಯ ಹೆಸರುಗಳ ಕೊನೆಯಲ್ಲಿ ಸಿಗುತ್ತಿದ್ದ. ಮನೆಯ ಯಜಮಾನನಿಗೆ ಏನಾಗಬೇಕು ಎಂಬಲ್ಲಿ ಎಸ್, ಇ, ಆರ್, ವಿ... "ಸರ್ವಂಟ್," ಎನ್ನುತ್ತಿದ್ದರು ಮುದುಕಿ. ಆಳು. ಬರಬರುತ್ತ ಮೊದಲ ಅಕ್ಷರ ಕಂಡರೇ ನಾನು ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದೆ.

ಕೊನೆಗೆ ಅವನ ಸಾವಿನ ದಾಖಲೆ ಸಿಕ್ಕಿತು. ಸಾವನ್ನು ತಿಳಿಸಿದವರು ಅವನಿಗೆ ಯಾರು ಎಂಬಲ್ಲಿ ಮತ್ತೆ ಎಸ್. ನಾನು ಓದಲಾರೆ ಎಂದೆ.

"ಓದು, ಡಿಯರ್. ಇಷ್ಟು ದೂರ ಅವನ ಜೊತೆ ಬಂದಿದ್ದೀಯ."

ಐ, ಎಸ್, ಟಿ... ಸಿಸ್ಟರ್. ಸಹಿಯ ಜಾಗದಲ್ಲಿ ಕತ್ತರಿಯಂತೆ ಎರಡು ಗೀಟು.

"ಮುತ್ತಜ್ಜಿಗೆ ಬರೆಯಲು ಬರುತ್ತಿರಲಿಲ್ಲ," ಎಂದರು ಮುದುಕಿ. "ಅವಳೂ ಯಾರದೋ ಮನೆಯ ಆಳೇ. ಆದರೂ ಹೋಗಿ, ಇವನು ನನ್ನ ತಮ್ಮ ಅಂತ ಬರೆಸಿದಳಲ್ಲ." ಮೂಗು ಒರೆಸಿಕೊಂಡು, ನಿನಗೆ ಅಣ್ಣತಮ್ಮಂದಿರು ಇದ್ದಾರಾ ಎಂದು ಕೇಳಿದರು.

"ಒಬ್ಬನಿದ್ದ," ಎಂದೆ. ಈ ದೇಶದಲ್ಲಿ ಮನೆಯ ಹೊರಗೆ ಆ ಮಾತು ಹೇಳಿದ್ದು ಅದೇ ಮೊದಲು.

ಮನೆಗೆ ಬಂದವಳೇ ಉಟ್ಟ ಬಟ್ಟೆಯಲ್ಲೇ ಶವರ್ ಕೆಳಗೆ ನಿಂತು ತಲೆಯ ಮೇಲೆ ತಣ್ಣೀರು ಬಿಟ್ಟುಕೊಂಡೆ. ಸಾವಿನ ಸುದ್ದಿ ಕೇಳಿದ ಕೂಡಲೇ ಮಾಡಬೇಕಾಗಿದ್ದ ಸ್ನಾನ ಅದು. ಗಂಡ ಬಾಗಿಲು ಬಡಿದ.

"ಏನಾತು? ಊರಿಂದ ಏನರ ಸುದ್ದಿ ಬಂತೇನು?"

"ಹೂಂ. ನನ್ನ ತಮ್ಮ ಹೋದ."

ಆತನಿಗೆ ಅದು ಆವಾಗಲೇ ಗೊತ್ತಿತ್ತು. ಆದರೂ "ಇವತ್ತ ಒಲಿ ಹಚ್ಚಬ್ಯಾಡ. ಹೊರಗಿಂದ ಏನರ ತರ್ತೀನಿ," ಎಂದ.

ಮಾತು ನೀರಿನ ಸದ್ದಿನಲ್ಲಿ ಮುಚ್ಚಿಹೋಗಬಾರದೆಂದು ನಲ್ಲಿ ನಿಲ್ಲಿಸಿ, ಗಟ್ಟಿಯಾಗಿ ಹೇಳಿದೆ: "ತಮ್ಮಾ, ನಾಕ ಮಂದಿ ಮುಂದ ನಿನ್ನ ಆಳು ಅಂದೆ. ನೀ ನನ್ನ ಬೆನ್ನಿಗೆ ಬಿದ್ದಾಂವ. ತಪ್ಪಾತೋ ಯಪ್ಪಾ, ತಪ್ಪಾತು."