ಗೆರೆ ಇಲ್ಲದ ಹೆಬ್ಬೆಟ್ಟು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಗೇಟಿನ ಬಲಕ್ಕೆ ಫಕ್ರುದ್ದೀನನ ಚಹಾದಂಗಡಿ ಇತ್ತು. ಇತ್ತು ಎಂದೇ ಹೇಳಬೇಕು. ನಾಲ್ಕು ತಗಡು, ಎರಡು ಬೆಂಚು, ಒಂದು ಒಲೆ. ಮೆಣಸಿನಕಾಯಿಯ ಘಾಟಿಗೆ ಸೀನದೆ ಅಲ್ಲಿ ಚಹಾ ಕುಡಿದು ಎದ್ದವರಿಲ್ಲ. ಇಪ್ಪತ್ತೊಂದು ವರ್ಷ ಅವನು ಆ ಘಾಟಿನಲ್ಲೇ ಹಾಲು ಕಾಸಿದ.

ಅಂಗಡಿಯ ಎದುರಿಗೆ ದಲಾಲಿ ಸಿದ್ದಲಿಂಗೇಶನ ವಖಾರಿ. ಸುಗ್ಗಿಯ ಐದಾರು ತಿಂಗಳು ಅಲ್ಲಿ ಅರವತ್ತು ಹೆಂಗಸರು ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ತುಂಬು ಬಿಡಿಸುವುದು ಅಂತಾರೆ ಇಲ್ಲಿ. ದಿನಕ್ಕೆ ಮುನ್ನೂರ ಐವತ್ತು ರೂಪಾಯಿ ಕೂಲಿ. ಅವರಲ್ಲಿ ದುಡ್ಡು ಬರುವಂಥ ಫೋನು ಇದ್ದವರು ಒಬ್ಬರೂ ಇಲ್ಲ. ಫಕ್ರುದ್ದೀನನ ತಗಡಿಗೆ ಮಾತ್ರ ಸ್ಕ್ಯಾನರಿನ ಹಾಳೆ ಅಂಟಿಸಿತ್ತು.

ಒಂದು ಸಲ ಸಿದ್ದಲಿಂಗೇಶ ಬಂದು ಬೆಂಚಿನ ಮೇಲೆ ಕುಳಿತ. "ಫಕ್ರಣ್ಣ, ವಾರಾ ವಾರಾ ನೋಟ ಎಣಿಸಿ ನನ್ನ ಕೈಬಟ್ಟ ಸವದು ಹೋದುವು. ಕೂಲಿ ಎಲ್ಲಾ ನಿನ್ನ ಸ್ಕ್ಯಾನರಿಗೆ ಹಾಕತೇನಿ. ನೀನ ಹಂಚಿಬಿಡು."

ಫಕ್ರುದ್ದೀನ ಹ್ಞೂಂ ಅಂದ. ಗುರುವಾರದ ಪೇಟೆ ಮುಗಿದ ಮೇಲೆ ದುಡ್ಡು ಬೀಳುತ್ತಿತ್ತು. ಶುಕ್ರವಾರ ಬೆಳಿಗ್ಗೆ ಬ್ಯಾಂಕಿನಿಂದ ನೋಟು ತಂದು, ಜುಮ್ಮಾ ನಮಾಜಿಗಿಂತ ಮುಂಚೆ ಅರವತ್ತು ಮಂದಿಗೂ ಹಂಚಿ ಮುಗಿಸುತ್ತಿದ್ದ. ಒಂದು ರೂಪಾಯಿ ಮುರಿದುಕೊಂಡವನಲ್ಲ.

"ಇದರಾಗ ನಿಮಗೇನ ಸಿಗತೈತ್ರಿ?" ಎಂದು ಹೆಂಡತಿ ಮುಸರತ ಕೇಳಿದಳು.

"ಅರವತ್ತ ಮಂದಿ ನಮ್ಮಲ್ಲೇ ಚಹಾ ಕುಡೀತಾರಲ್ಲ, ಮತ್ತೇನ ಬೇಕ?" ಅಂದ.

ಮಳೆಗಾಲದಲ್ಲಿ ಹಾವೇರಿಯ ತೆರಿಗೆ ಕಚೇರಿಯಿಂದ ನೋಟಿಸು ಬಂತು. ಒಂದೇ ವರ್ಷದಲ್ಲಿ ನಿನ್ನ ಸ್ಕ್ಯಾನರಿಗೆ ನಲವತ್ತಮೂರು ಲಕ್ಷ ಬಂದಿದೆ, ಇಷ್ಟು ವ್ಯಾಪಾರ ಮಾಡಿಯೂ ನೋಂದಣಿ ಮಾಡಿಸಿಲ್ಲ, ತೆರಿಗೆ, ದಂಡ, ಬಡ್ಡಿ ಸೇರಿ ಐದು ಲಕ್ಷ ಹತ್ತು ಸಾವಿರ ಕಟ್ಟು ಎಂದು ಬರೆದಿತ್ತು. ಅದರಲ್ಲಿ ಚಹಾದ್ದು ಹನ್ನೆರಡು ಲಕ್ಷವೂ ತುಂಬುತ್ತಿರಲಿಲ್ಲ. ಉಳಿದದ್ದೆಲ್ಲ ಹೆಂಗಸರ ಕೂಲಿ.

ಹಾವೇರಿಗೆ ಹೋದಾಗ ಸಾಹೇಬರು ಬಯ್ಯಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. ಮಾತು ಬೆಂಗಳೂರು ಕಡೆಯದು. "ನಿಮ್ಮ ಖಾತೆಗೆ ಬಂದಿದ್ದೆಲ್ಲ ನಿಮ್ಮ ವ್ಯಾಪಾರಾನೇ. ಅಲ್ಲ ಅಂತ ನೀವು ತೋರಿಸ್ಬೇಕು. ಕೂಲಿ ಅಂತೀರಲ್ಲ, ಕೊಟ್ಟೋರು ಬರ್ಕೊಡ್ಲಿ, ಇಲ್ಲ ತಗೊಂಡೋರು ಬರ್ಕೊಡ್ಲಿ. ಹದಿನೈದು ದಿನ ಟೈಮಿದೆ."

ಅವನು ಮೊದಲು ಸಿದ್ದಲಿಂಗೇಶನ ಹತ್ತಿರ ಹೋದ.

"ಅಣ್ಣಾ, ನಿನ್ನ ಮುಂದ ಸುಳ್ಳ ಯಾಕ ಹೇಳ್ಲಿ? ನಮ್ಮ ಲೆಕ್ಕದಾವ ಅದನ್ನ ಚಹಾ-ಫರಾಳ ಅಂತ ಬರದಬಿಟ್ಟಾನ. ಈಗ ಕೂಲಿ ಅಂದ್ರ ನನ್ನ ಕುತ್ತಿಗಿಗೆ ಬರತೈತಿ."

"ಮೂವತ್ತೊಂದ ಲಕ್ಷದ ಚಹಾ ಕುಡದೀಯೇನೋ, ಸಿದ್ದಲಿಂಗೇಶಾ?"

"ನಾ ಎಲ್ಲಿ ಕುಡದೇನಿ? ಕಾಗದ ಕುಡದೈತಿ." ಅಷ್ಟು ಹೇಳಿ ಅವನು ಫೋನು ಕಿವಿಗೆ ಹಚ್ಚಿಕೊಂಡ. ಫೋನು ರಿಂಗಾಗಿರಲಿಲ್ಲ.

ಆಮೇಲೆ ಹೆಂಗಸರ ಮನೆ. ಕೆಲವರು ಊರೊಳಗೆ, ಕೆಲವರು ಮೋಟೆಬೆನ್ನೂರಿನಲ್ಲಿ. ಹನ್ನೊಂದು ದಿನ ಅಂಗಡಿ ಮುಚ್ಚಿ ತಿರುಗಿದ. ಯಾರೂ ಅವನನ್ನು ಸುಳ್ಳುಗಾರ ಅನ್ನಲಿಲ್ಲ.

"ನೀ ಕೊಟ್ಟೀದಿ, ನಾವು ತಗೊಂಡೇವಿ, ದೇವರಾಣಿ ಖರೇ ಫಕ್ರಣ್ಣ. ಆದ್ರ ಕಾಗದಕ್ಕ ಸೈ ಬ್ಯಾಡ. ಇಷ್ಟ ದುಡೀತಾರಂತ ಗೊತ್ತಾದ್ರ ರೇಷನ್ ಕಾರ್ಡ ಕಸಗೋತಾರ. ಮಕ್ಕಳ ಬಾಯಿಗೆ ಏನ ಹಾಕೂಣ?"

ಹಾಗಂದವಳ ಬಾಣಂತನಕ್ಕೆ ಮುಸರತ ತಿಂಗಳ ತನಕ ಹಾಲು ಕಳಿಸಿದ್ದಳು. ಅದನ್ನು ಇವನು ನೆನಪಿಸಲಿಲ್ಲ. ಅವಳೇ ನೆನಪಿಸಿಕೊಂಡು ಅತ್ತಳು. ಅತ್ತು, ಬಾಗಿಲು ಮುಂದೆ ಮಾಡಿಕೊಂಡಳು. ಕೆಲವು ಮನೆಗಳಲ್ಲಿ ಇವನ ಧ್ವನಿ ಕೇಳಿದರೆ ಒಲೆ ಆರಿಸಿ ಹಿತ್ತಲಿಗೆ ಹೋಗುವುದೂ ಆಯಿತು.

ಐವತ್ತೊಂಬತ್ತು ಮನೆ ಮುಗಿದು ಉಳಿದವಳು ಗುತ್ತೆವ್ವ. ಎಪ್ಪತ್ತರ ಹತ್ತಿರದ ಮುದುಕಿ. ನಲವತ್ತು ವರ್ಷದಿಂದ ತುಂಬು ಬಿಡಿಸುವವಳು.

"ನಾ ಬರತೇನಿ ನಡಿಯೋ ಯಪ್ಪಾ," ಅಂದಳು. "ಕಾರ್ಡ ಹೋದ್ರ ಹೋಗ್ಲಿ. ಇದ್ದೂ ಏನ ಮಾಡೂದೈತಿ? ಆ ರೇಷನ್ ಅಂಗಡ್ಯಾನ ಡಬ್ಬಿಗೆ ನನ್ನ ಹೆಬ್ಬಟ್ಟ ಹತ್ತೂದ ಇಲ್ಲ. ಅಕ್ಕಿ ಕಂಡು ನಾಕ ತಿಂಗಳಾತು. ಎಲ್ಲಿ ಒತ್ತಬೇಕ ಹೇಳು, ಒತ್ತತೇನಿ."

ಒಬ್ಬಳಾದರೂ ಸಿಕ್ಕಳಲ್ಲ ಎಂಬ ಖುಷಿಯಲ್ಲಿ ಫಕ್ರುದ್ದೀನ ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಹದಿಮೂರನೆಯ ದಿನ ಇಬ್ಬರೂ ಬಸ್ಸು ಹತ್ತಿದರು. ಗುತ್ತೆವ್ವನಿಗೆ ಸೊನ್ನೆ ಟಿಕೇಟು, ಇವನಿಗೆ ಪೂರ್ತಿ. "ನೋಡೋ, ನಿನ್ನ ದಂಡಕ್ಕ ಸಾಕ್ಷಿ ಹೇಳಾಕ ಸರಕಾರ ನನ್ನ ಪುಕ್ಕಟ ಒಯ್ಯಾಕತ್ತೈತಿ," ಎಂದು ಮುದುಕಿ ನಕ್ಕಳು. ಅವನೂ ನಕ್ಕ. ಹದಿಮೂರು ದಿನದಲ್ಲಿ ಅದೊಂದೇ ಸಲ.

ಕಚೇರಿಯಲ್ಲಿ ಅವಳು ತಡವರಿಸದೆ ಹೇಳಿದಳು. ನೂರಾ ಐವತ್ತು ದಿನ ದುಡಿದದ್ದು, ದಿನಕ್ಕೆ ಮುನ್ನೂರ ಐವತ್ತು, ಶುಕ್ರವಾರಕ್ಕೊಮ್ಮೆ ಇವನ ಕೈಯಿಂದ ತಗೊಂಡದ್ದು. ಗುಮಾಸ್ತ ಎಲ್ಲವನ್ನೂ ಬರೆದು, ಮಸಿಯ ಡಬ್ಬಿ ಮುಂದಿಟ್ಟ. ಅವಳು ಒತ್ತಿದಳು. ಕಾಗದದ ಮೇಲೆ ಕರೀ ಬಟ್ಟು ಮೂಡಿತು, ನೇರಳೆಹಣ್ಣು ಇಟ್ಟ ಹಾಗೆ. ಗುಮಾಸ್ತ ಅವಳ ಕೈ ಒರೆಸಿ ಮತ್ತೆ ಒತ್ತಿಸಿದ. ಎಡಗೈಯದನ್ನೂ ಎರಡು ಸಲ ಒತ್ತಿಸಿದ. ನಾಲ್ಕು ನೇರಳೆಹಣ್ಣು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಇದು ಹೆಬ್ಬೆಟ್ಟಲ್ಲ ಅಜ್ಜಿ, ಬರೀ ಮಸಿ. ಗೆರೆ ಎಲ್ಲಿ?"

"ಖಾರ ತಿಂದೈತ್ರಿ ಸಾಹೇಬ್ರ. ನಲವತ್ತ ವರ್ಷ ತಿಂದೈತಿ."

ಸಾಹೇಬರು ನಕ್ಕುಬಿಟ್ಟರು. ಗುಮಾಸ್ತನೂ ನಕ್ಕ. ಅವಳಿಗೆ ಕುಡಿಯಲು ನೀರು ಕೊಡಿಸಿದರು. ಆಮೇಲೆ ಫಕ್ರುದ್ದೀನನ ಕಡೆ ತಿರುಗಿ, "ಅರವತ್ತು ಜನದಲ್ಲಿ ಒಬ್ಬರನ್ನ ಕರ್ಕೊಂಡ್ಬಂದಿದೀರ. ಅವರಿಗೂ ಗುರುತಿಲ್ಲ. ಇದನ್ನ ನಾನು ಮೇಲೆ ಹೇಗ್ರೀ ಕಳಿಸ್ಲಿ?" ಎಂದು ಕಾಗದವನ್ನು ಅವನ ಕೈಗೇ ವಾಪಸು ಕೊಟ್ಟರು.

ತಿಂಗಳೊಳಗೆ ಅವನ ಬ್ಯಾಂಕ್ ಖಾತೆ ಬಂದ್ ಆಯಿತು. ತಗಡು, ಒಲೆ, ಬೆಂಚು ಮಾರಿದ್ದು ದಂಡದ ಮೊದಲ ಕಂತಿಗೂ ಸಾಲಲಿಲ್ಲ. ಮುಸರತಳ ಬೆಂಡೋಲೆ ಹೋದವು. ಫಕ್ರುದ್ದೀನ ಈಗ ರಾಣೆಬೆನ್ನೂರಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತಾನೆ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾನೆ. ಸಿದ್ದಲಿಂಗೇಶ ಕೂಲಿಯನ್ನು ಮತ್ತೆ ತಾನೇ ಎಣಿಸಿ ಕೊಡುತ್ತಾನೆ. ಅವನ ಬೆರಳೇನೂ ಸವೆದಿಲ್ಲ.

ಆ ಕೂಲಿಗೆ ಕೈ ಒಡ್ಡುವವರಲ್ಲಿ ಮುಸರತಳೂ ಒಬ್ಬಳು. ಸುಗ್ಗಿ ಶುರುವಾದ ದಿನವೇ ಬಂದು ಗುತ್ತೆವ್ವನ ಪಕ್ಕದಲ್ಲಿ ಕುಳಿತಳು. ಅಂದು ಯಾರೂ ಅವಳ ಮುಖ ನೋಡಲಿಲ್ಲ. ಗುತ್ತೆವ್ವ ಮಾತ್ರ, "ಮೊದಲ ತಿಂಗಳ ಉರೀತೈತಿ, ಆಮ್ಯಾಲ ಏನೂ ತಿಳಿಯೂದಿಲ್ಲವಾ," ಎಂದು ತನ್ನ ಚೀಲದೊಳಗಿನ ಎಣ್ಣೆ ಬಾಟಲಿ ಮುಂದೆ ತಳ್ಳಿದಳು.

ಸುಗ್ಗಿ ಮುಗಿದ ಮೇಲೆ ಮುಸರತ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಳು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಕೆಂಪು. ಹತ್ತೂ ಬೆರಳು ನೋಡಿದ ಅಂಗಡಿಯವನು, "ಮನೆಯಾಗ ಮತ್ಯಾರದಾರ? ಅವರನ್ನ ಕಳಸ್ರಿ," ಅಂದ.

ಮರುದಿನ ಫಕ್ರುದ್ದೀನ ಒಂದು ದಿನದ ಪಗಾರ ಬಿಟ್ಟು ಬಂದು ನಿಂತ. ದಿನವಿಡೀ ಸೋಪಿನ ನೀರಿನಲ್ಲಿ ನೆನೆದು ಅವನ ಬೆರಳು ಬಿಳಿಚಿ ಮುದುರಿದ್ದವು. ಮೊದಲನೆಯ ಸಲ ಹತ್ತಲಿಲ್ಲ. ಎರಡನೆಯ ಸಲವೂ ಹತ್ತಲಿಲ್ಲ. ಹಿಂದೆ ನಿಂತವರು ಗೊಣಗಿದರು. ಮೂರನೆಯ ಸಲ ಹಸಿರು ದೀಪ ಬಂತು.

ಅಕ್ಕಿಯ ಚೀಲವನ್ನು ಇಬ್ಬರೂ ಒಂದೊಂದು ತುದಿ ಹಿಡಿದು ನಡೆದರು. ಬಾಗಿಲ ಮುಂದೆ ಮುಸರತ ಚೀಲ ಇಳಿಸಿ, ಗಂಡನ ಬಲಗೈ ಹಿಡಿದು ಹೆಬ್ಬೆಟ್ಟನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ನಾಳಿಂದ ಎಡಗೈಲೆ ತೊಳೀರಿ," ಅಂದಳು. "ಇದನ್ನ ನೀರಾಗ ಹಾಕಬ್ಯಾಡ್ರಿ."