ಫಿರದೋಸಕ್ಕನ ರಾಕೆಟ್ಟು ಮತ್ತು ಬೇಯದ ಬೇಳೆ

ಮೂಡಲಗಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನಮ್ಮ ಫಿರದೋಸಕ್ಕ ಪಟಾಕಿಗೆ ಹೆದರುವಷ್ಟು ಹುಲಿಗೂ ಹೆದರಲಿಕ್ಕಿಲ್ಲ. ಹುಲಿ ಢಂ ಅನ್ನುವುದಿಲ್ಲವಲ್ಲ ಎಂಬುದು ಅವರ ವಾದ. ದೀಪಾವಳಿ ಬಂತೆಂದರೆ ಕಿವಿಗೆ ಹತ್ತಿ ತುರುಕಿಕೊಂಡು ಒಳಕೋಣೆ ಸೇರುತ್ತಾರೆ. ಕುಕ್ಕರ್ ಒಂದು ಸೀಟಿ ಹಾಕಿದ್ದೇ ತಡ, ಓಡಿಹೋಗಿ ಗ್ಯಾಸ್ ಆರಿಸುತ್ತಾರೆ. ಹಾಗಾಗಿ ಆ ಮನೆಯ ಬೇಳೆ ಯಾವತ್ತೂ ನೆಟ್ಟಗೆ ಬೆಂದಿಲ್ಲ. ಅವರ ಕ್ಲಾಸಿನಲ್ಲೇ ಟೈಪಿಂಗ್ ಕಲಿಸುವ ನಾನು ಆ ಬೇಳೆ ಉಂಡೂ ಉಂಡೂ ಹಲ್ಲು ಗಟ್ಟಿಯಾದವಳು.

ಇಂಥ ಹೆಂಗಸಿಗೆ ದೇವರು ಹಚ್ಚಿದ ಹುಚ್ಚು ಯಾವುದು? ರಾಕೆಟ್ಟು! ಕ್ಲಾಸ್ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಎರಡು ಹಂತದ ರಾಕೆಟ್ ಹಾರಿಸುತ್ತ ಕೂಡುತ್ತಾರೆ. ಉದ್ದ, ತೂಕ, ರೆಕ್ಕೆ, ಗಾಳಿ, ಮದ್ದಿನ ಬಲ ಎಲ್ಲ ತುಂಬಿಸಿದರೆ ಅದು ಎಷ್ಟು ಮೇಲೇರಿ ಎಲ್ಲಿ ಬೀಳುತ್ತದೆಂದು ಸಾಫ್ಟ್‌ವೇರ್ ಗೆರೆ ಎಳೆದು ತೋರಿಸುತ್ತದೆ. ಅದರಲ್ಲೂ ಎಲ್ಲಿ ಸದ್ದು ಬಂದೀತೋ ಎಂದು ಸ್ಪೀಕರಿನ ವೈರು ಕಿತ್ತಿಟ್ಟಿದ್ದಾರೆ.

"ಸುಜಾತಾ, ಒಂದ ಸಲ ಖರೆ ಖರೆ ರಾಕೆಟ್ ಹಾರೂದನ್ನ ಕಣ್ಣಲೆ ನೋಡಬೇಕವಾ. ಅಷ್ಟಾದ್ರ ಸಾಕ," ಎನ್ನುತ್ತಿದ್ದರು. ಕೇಳಿ ನಗುತ್ತಿದ್ದೆ. ಪಾಪ ಅಂತಲೂ ಅನಿಸುತ್ತಿತ್ತು.

ಹೋದ ವರ್ಷ ಒಂದು ಕಾಲೇಜಿನ ಹುಡುಗರು ಆಳೆತ್ತರದ, ಎರಡು ಹಂತದ ನಿಜವಾದ ರಾಕೆಟ್ ಮಾಡಿ, ಲೆಕ್ಕಕ್ಕೆ ಇವರನ್ನು ಹಿಡಿದರು. ಚಪ್ಪಲಿ ಸವೆಸಿ ತಂದ ಪರವಾನಗಿ ಒಂದೇ ಹಾರಾಟಕ್ಕೆ. ತುಕ್ಕಾನಟ್ಟಿಯ ಮಾಯಪ್ಪ ಕಬ್ಬು ಕಡಿದು ಖಾಲಿಯಾದ ತನ್ನ ಹೊಲ ಬಿಟ್ಟುಕೊಟ್ಟ.

ನಾವು ಹೋಗುವಷ್ಟರಲ್ಲಿ ಮಾಯಪ್ಪ, ಅವನ ಹೆಂಡತಿ ಭರಮವ್ವ ಪೂಜೆಯ ತಟ್ಟೆ ಹಿಡಿದು ನಿಂತಿದ್ದರು. ನಮ್ಮ ಕಡೆ ಹೊಸ ಗಾಡಿ ನಿಂಬೆಹಣ್ಣು ತುಳಿಯದೆ ಹೊರಡುವಂತಿಲ್ಲ. ಮಾಯಪ್ಪ ರಾಕೆಟ್ಟಿನ ಸುತ್ತ ಒಂದು ಸುತ್ತು ಹಾಕಿದ.

"ಅಕ್ಕೋರ, ಇದರ ಗಾಲಿ ಎಲ್ಲಿ ಅದಾವ್ರಿ?"

"ಇದಕ್ಕ ಗಾಲಿ ಇರಾಂಗಿಲ್ರಿ," ಎಂದರು ಫಿರದೋಸಕ್ಕ.

"ಮತ್ತ ನಿಂಬಿಹಣ್ಣ ಎಲ್ಲಿಡೂದ್ರಿ?"

ನಾವು ಲ್ಯಾಪ್‌ಟಾಪ್ ತೆರೆಯುವುದರೊಳಗೆ ಮಾಯಪ್ಪ ನಿಂಬೆಹಣ್ಣು, ಮೆಣಸಿನಕಾಯಿ, ಮೇಲೊಂದು ಇಡೀ ತೆಂಗಿನಕಾಯಿ ಬಟ್ಟೆಯಲ್ಲಿ ಸುತ್ತಿ ಬಾಲದ ಒಂದು ರೆಕ್ಕೆಗೆ ಬಿಗಿದೇಬಿಟ್ಟ. ಹೊಲದ ಯಜಮಾನ, ಬೇಡವೆನ್ನುವವರು ಯಾರು?

"ಅಲ್ರಿ, ಎರಡ ಹಂತ ಯಾಕ ಬೇಕ? ಒಂದ ಸಲಕ್ಕ ಹೋಗಾಕ ಏನ ಧಾಡಿ ಇದಕ್ಕ?" ಎಂದ ಮಾಯಪ್ಪ.

"ಮೊದಲನೇದು ಉರದು ಕಳಚಿ ಬೀಳತೈತ್ರಿ. ಎರಡನೇದು ಆಮ್ಯಾಲ ಹೊತ್ತಕೊಂಡು ಹಗುರಾಗಿ ಮ್ಯಾಲ ಹೋಗತೈತಿ."

"ಅಂದ್ರ ದುಡಿಯಾಂವ ಒಬ್ಬ, ಮ್ಯಾಲ ಬರಾಂವ ಇನ್ನೊಬ್ಬ. ನಮ್ಮ ಸೊಸೈಟಿ ಇಲೆಕ್ಷನ್ ಇದ್ದಂಗ ಆತ ಬಿಡ್ರಿ!"

ಫಿರದೋಸಕ್ಕ ಲ್ಯಾಪ್‌ಟಾಪಿನ ಕಡೆ ತಿರುಗಿದರು. ತೆಂಗಿನಕಾಯಿಯ ತೂಕವನ್ನು ಅಂದಾಜು ಮಾಡಿ ಸಾಫ್ಟ್‌ವೇರಿಗೆ ತುಂಬಿದರು. ತೆರೆಯ ಮೇಲಿನ ರಾಕೆಟ್ ತುಸು ಏರಿ, ಲಾಗ ಹಾಕಿ, ಹಿಂದಕ್ಕೆ ಬಂದು ಬಿತ್ತು.

"ಮಾಯಪ್ಪಾರ, ನಿಮ್ಮ ಎಮ್ಮಿ ಎಲ್ಲಿ ಕಟ್ಟೀರಿ?"

"ಮನಿ ಬಾಜೂ ಶೆಡ್ಡಿನಾಗ್ರಿ. ಯಾಕ?"

ಅವರು ತೆರೆಯ ಮೇಲಿನ ನಕಾಶೆಯನ್ನು ಅವನ ಕಡೆ ತಿರುಗಿಸಿದರು. ಗೆರೆ ನೆಟ್ಟಗೆ ಆ ಶೆಡ್ಡಿನ ಮೇಲೆ ಇಳಿದಿತ್ತು. ಕಟ್ಟಿದ್ದಕ್ಕಿಂತ ಬೇಗ ಮಾಯಪ್ಪ ತೆಂಗಿನಕಾಯಿ ಬಿಚ್ಚಿದ.

"ಕುಂಕುಮಾನಾರ ಹಚ್ಚಲೇನ ತಂಗಿ? ಅದಕ್ಕೂ ಲೆಕ್ಕ ಐತೇನ?" ಎಂದಳು ಭರಮವ್ವ.

"ಹಚ್ಚವಾ. ಅಷ್ಟ ತಡಕೋತೈತಿ."

ನಿಂಬೆಹಣ್ಣನ್ನು ರಾಕೆಟ್ಟಿನ ಕೆಳಗಿಟ್ಟರು. ಬೆಂಕಿಯೇ ತುಳಿಯಲಿ ಎಂದು ಎಲ್ಲರೂ ಒಪ್ಪಿದರು.

ನಮ್ಮನ್ನು ದೂರದ ಬದುವಿನಾಚೆ ನಿಲ್ಲಿಸಿ ಹುಡುಗರು ಎಣಿಕೆ ಶುರು ಮಾಡಿದರು. ತಿರುಗಿ ನೋಡುತ್ತೇನೆ, ಫಿರದೋಸಕ್ಕ ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಿವಿ ಮುಚ್ಚಿ, ಮುಖವನ್ನು ಮೊಣಕಾಲಲ್ಲಿ ಹುದುಗಿಸಿದ್ದಾರೆ!

"ಅಕ್ಕಾ, ನೋಡ್ರಿ!" ಎಂದು ಚೀರಿದೆ. ಕಿವಿಯಲ್ಲಿ ಹತ್ತಿ. ಅಷ್ಟರಲ್ಲಿ ನೆಲ ನಡುಗಿತು, ರಾಕೆಟ್ ಭೋರೆಂದು ಎದ್ದಿತು. ನನಗೆ ಸಂತೋಷಕ್ಕಿಂತ ಸಿಟ್ಟೇ ನೆತ್ತಿಗೇರಿತು. ಇಷ್ಟು ವರ್ಷದ ಆಸೆ, ಇರುವುದೊಂದು ಪರವಾನಗಿ, ಈ ಹೆಂಗಸು ಕಣ್ಣು ಮುಚ್ಚಿ ಕೂತಿದೆಯಲ್ಲ!

ಭರಮವ್ವ ಓಡಿದಳು. ಕೆಚ್ಚಲಿನಿಂದ ಕರು ಎಳೆದಂತೆ ಅವರ ಎರಡೂ ಕೈ ಎಳೆದಳು, ಹತ್ತಿಯನ್ನೂ ಕಿತ್ತಳು.

"ಮುಗೀತೇನವಾ?"

"ಮೊದಲನೇದ ಮುಗೀತ. ಇನ್ನೊಂದ ಐತೆಂತ ನೀನ ಹೇಳೀದೆಲ್ಲ, ಮ್ಯಾಲ ನೋಡ!"

ಅವರು ತಲೆ ಎತ್ತುವುದಕ್ಕೂ ಎರಡನೇ ಹಂತ ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ಅಷ್ಟು ಎತ್ತರದಲ್ಲಿ ಒಂದು ಕಿಡಿ, ಅದರ ಹಿಂದೆ ಬೆಳ್ಳಗಿನ ಗೆರೆ, ಥೇಟ್ ಕಂಪ್ಯೂಟರಿನಲ್ಲಿ ಕಂಡಂಥದ್ದೇ. ಫಿರದೋಸಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ನೆನಪಿರಲಿಲ್ಲ.

"ಸಪ್ಪಳನ ಇಲ್ಲಲ್ಲ ಸುಜಾತಾ," ಎಂದರು.

"ಈಗ ತಿಳೀತ ನೋಡ್ರಿ, ಎರಡ ಯಾಕ ಬೇಕಂತ," ಎಂದ ಮಾಯಪ್ಪ, ಶೆಡ್ಡಿನ ಕಡೆ ಒಂದು ಕಣ್ಣಿಟ್ಟು.

ಅವತ್ತು ಮಧ್ಯಾಹ್ನ ಫಿರದೋಸಕ್ಕನ ಮನೆಯಲ್ಲೇ ನನ್ನ ಊಟ. ಕುಕ್ಕರ್ ಒಂದು ಸೀಟಿ ಹಾಕಿತು. ಫಿರದೋಸಕ್ಕ ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ನಿಂತರು, ಗ್ಯಾಸ್ ಮಾತ್ರ ಆರಿಸಲಿಲ್ಲ. ಎರಡನೆಯದೂ ಆಯಿತು. ಬೇಳೆ ಬೆಂದಿತ್ತು.